ಸುಲಭದ ಟೈಸ್ ಯಾರಿಗೆ ಸಿಕ್ಕಿತು? ಒಂದೇ ಹಾಳೆಯಲ್ಲಿ ಲೆಕ್ಕ ಹಾಕುವ ಬಗೆ

ಅರಸೀಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ತಾಲ್ಲೂಕು ಮಟ್ಟದ ಕ್ರೀಡಾಕೂಟ ಬಂತೆಂದರೆ ವಾಲಿಬಾಲ್, ಕಬಡ್ಡಿಗೆ ಟೈಸ್ ಹಾಕುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಯಾರ ಎದುರು ಯಾರು, ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಬೈ ಯಾರಿಗೆ, ಸುಡುಬಿಸಿಲಿನ ಮ್ಯಾಚ್ ಯಾರಿಗೆ, ಎಲ್ಲ ನಾನೇ ಬರೆಯಬೇಕು. ಎಲ್ಲರ ಎದುರಿಗೇ ಚೀಟಿ ಎತ್ತಿಸಿದರೂ ಸೋತವರು ಬಂದು, "ಮೇಷ್ಟ್ರೇ, ಟೈಸ್‌ನಲ್ಲೇ ನಮ್ಮನ್ನ ಮುಗಿಸಿಬಿಟ್ರಿ" ಅನ್ನುತ್ತಿದ್ದರು. ಹಾಗಾಗಿ ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ನನಗೆ ಆಟಕ್ಕಿಂತ ಮೊದಲು ಅರ್ಥವಾಗಿದ್ದು ಜಗಳ.

ಮಗಳ ಮನೆ ಇರುವುದು ಇಂಡಿಯಾನಾಪೊಲಿಸ್ ಪಕ್ಕದ ಕಾರ್ಮೆಲ್‌ನಲ್ಲಿ. ಅವಳು ಪೆನ್ ಸ್ಟೇಟ್‌ನಲ್ಲಿ ಎಂ.ಎಸ್. ಮಾಡಿದವಳು. ಅಳಿಯ ಓದಿದ್ದು ಇಂಡಿಯಾನಾ ಯೂನಿವರ್ಸಿಟಿಯಲ್ಲಿ. ಎರಡೂ ಬಿಗ್ ಟೆನ್ ಎಂಬ ಕಾನ್ಫರೆನ್ಸಿನ, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಒಂದು ಕೂಟದ, ತಂಡಗಳು. 2024ರ ನವೆಂಬರ್ 30ರ ಶನಿವಾರ ಒಹಾಯೊ ಸ್ಟೇಟ್ ತಂಡ ತನ್ನ ಮನೆಯಂಗಳದಲ್ಲೇ ಮಿಷಿಗನ್‌ಗೆ 13-10ರಲ್ಲಿ ಸೋತು ಏಳು ಗೆಲುವಿಗೇ ನಿಂತಿತು. ಪೆನ್ ಸ್ಟೇಟ್ ಗೆದ್ದಿತು, ಇಂಡಿಯಾನಾವೂ ಗೆದ್ದಿತು. ಇಬ್ಬರದೂ ಕಾನ್ಫರೆನ್ಸಿನಲ್ಲಿ 8 ಗೆಲುವು, 1 ಸೋಲು. ಒಂಬತ್ತಕ್ಕೆ ಒಂಬತ್ತೂ ಗೆದ್ದ ಒರೆಗನ್ ಮೊದಲನೇ ಸ್ಥಾನದಲ್ಲಿತ್ತು. ಮೊದಲೆರಡು ತಂಡ ಆಡುವ ಕಾನ್ಫರೆನ್ಸ್ ಫೈನಲ್‌ನಲ್ಲಿ ಇನ್ನೊಂದೇ ಜಾಗ. ಅದು ಪೆನ್ ಸ್ಟೇಟ್‌ಗೆ ಹೋಯಿತು. ಫೈನಲ್ ನಡೆದಿದ್ದು ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ, ಅಳಿಯನ ಹೊಟ್ಟೆ ಉರಿಯಲು ಅಷ್ಟು ಸಾಕು.

"ಮಾವ, ಇಬ್ಬರೂ ಒಬ್ಬರಿಗೊಬ್ಬರು ಆಡೇ ಇಲ್ಲ. ಇದ್ಯಾವ ನ್ಯಾಯ?" ಅಂದರು. "ನಿಮ್ಮದು ಸುಲಭದ ಪಟ್ಟಿ ಕಣ್ರೀ" ಅಂದಳು ಮಗಳು. ನಾನು ವಿದ್ಯುತ್ ಬಿಲ್ಲಿನ ಲಕೋಟೆ ತಿರುಗಿಸಿ ಪೆನ್ನು ತೆಗೆದುಕೊಂಡೆ. ಅವತ್ತು ಮಾಡಿದ ಲೆಕ್ಕವನ್ನೇ ಇಲ್ಲಿ ಹೇಳಿಕೊಡುತ್ತೇನೆ. ಕೂಡುವುದು, ಕಳೆಯುವುದು ಬಂದರೆ ಸಾಕು.

ಮೊದಲು ಆ ವರ್ಷ ಕಾನ್ಫರೆನ್ಸಿನಲ್ಲಿ ಎಷ್ಟು ತಂಡ ಇದ್ದವು ಅಂತ ಎಣಿಸಿ. ಹೆಸರನ್ನು ನಂಬಬೇಡಿ. ಬಿಗ್ ಟೆನ್‌ನಲ್ಲಿ ಇರುವುದು 18 ತಂಡ. ಬಿಗ್ 12 ಎಂಬ ಇನ್ನೊಂದು ಕಾನ್ಫರೆನ್ಸಿನಲ್ಲಿ 16. ಪ್ಯಾಕ್-12ರಲ್ಲಿ 2024ರಲ್ಲಿ ಉಳಿದಿದ್ದು ಎರಡೇ, ಒರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಮಿಕ್ಕ ಹತ್ತು ಟಿ.ವಿ. ದುಡ್ಡು ಎಲ್ಲಿ ಜಾಸ್ತಿಯೋ ಅಲ್ಲಿಗೆ ಗಂಟುಮೂಟೆ ಕಟ್ಟಿದವು. ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಬಿಗ್ ಟೆನ್‌ಗೆ ಹೋಗುತ್ತೇವೆ ಅಂತ 2022ರ ಜೂನ್‌ನಲ್ಲಿ ಹೇಳಿದವು. ಮರುವರ್ಷ ಆಗಸ್ಟ್‌ನಲ್ಲಿ ಒರೆಗನ್, ವಾಷಿಂಗ್ಟನ್ ಹಿಂದೆಯೇ ಹೊರಟವು. ನಾಲ್ಕೂ ಆಡಲು ಶುರು ಮಾಡಿದ್ದು 2024ರಲ್ಲಿ.

ಈಗ ಆ 18ನ್ನು 17ರಿಂದ ಗುಣಿಸಿ ಎರಡರಿಂದ ಭಾಗಿಸಿ. 153. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಬೇಕಾದರೆ ಅಷ್ಟು ಮ್ಯಾಚ್ ಬೇಕು. ವಾಲಿಬಾಲ್ ಆಗಿದ್ದರೆ ಒಂದು ತಂಡಕ್ಕೆ ದಿನಕ್ಕೆ ಮೂರು ಮ್ಯಾಚ್ ಆಡಿಸಿ ಮುಗಿಸಬಹುದಿತ್ತು. ಈ ಆಟದಲ್ಲಿ ಮೈಮೂಳೆ ಮುರಿಯುತ್ತದೆ, ವಾರಕ್ಕೆ ಒಂದೇ. ಇಡೀ ಋತುವಿಗೆ ತಲಾ 12 ಮ್ಯಾಚ್, ಅದರಲ್ಲಿ ಕಾನ್ಫರೆನ್ಸಿನ ಒಳಗೆ 9. ಹದಿನೆಂಟು ಒಂಬತ್ತಲಿ 162, ಅದರ ಅರ್ಧ 81. ಅಂದರೆ 72 ಜೋಡಿಗಳು ಎದುರುಬದುರಾಗುವುದೇ ಇಲ್ಲ. ಅನ್ಯಾಯ ಹುಟ್ಟುವುದು ಅಲ್ಲಿ. ಯಾರೋ ಕುಳಿತು ಮಸಲತ್ತು ಮಾಡಿದ್ದಾರೆ ಅಂತ ಅಳಿಯನಿಗೆ ಅನುಮಾನ. ನಾನಂತೂ ಒಪ್ಪಲಿಲ್ಲ. ಟೈಸ್ ಹಾಕುವವನ ಪಾಡು ನನಗೆ ಗೊತ್ತು.

ಇನ್ನೊಂದು ವಿಷಯ ಕೇಳಿ. 2023ರವರೆಗೆ ಬಿಗ್ ಟೆನ್‌ನಲ್ಲಿ ಪೂರ್ವ, ಪಶ್ಚಿಮ ಅಂತ ಎರಡು ಗುಂಪು ಇದ್ದವು. ನಮ್ಮ ಭಾಷೆಯಲ್ಲಿ ಪೂಲ್ ಎ, ಪೂಲ್ ಬಿ. ಪೆನ್ ಸ್ಟೇಟ್, ಇಂಡಿಯಾನಾ ಎರಡೂ ಪೂರ್ವದಲ್ಲಿದ್ದವು, ಪ್ರತಿ ವರ್ಷ ಆಡುತ್ತಿದ್ದವು. 2023ರಲ್ಲಿ ಪೆನ್ ಸ್ಟೇಟ್ 33-24ರಲ್ಲಿ ಗೆದ್ದಿತ್ತು. ಹೊಸ ನಾಲ್ಕು ಜನ ಬಂದ ಮೇಲೆ ಗುಂಪು ತೆಗೆದುಹಾಕಿದರು. ಜಗಳ ಬಿಡಿಸಬೇಕಾಗಿದ್ದ ಆ ಒಂದು ಮ್ಯಾಚ್ ಅದರ ಜೊತೆಗೇ ಹೋಯಿತು. ಹಾಗಂತ ಹಳೆಯದು ಚಿನ್ನವೇನಲ್ಲ. ಒಹಾಯೊ ಸ್ಟೇಟ್, ಮಿಷಿಗನ್, ಪೆನ್ ಸ್ಟೇಟ್ ಮೂರನ್ನೂ ಒಂದೇ ಪೂಲಿನಲ್ಲಿ ತುಂಬಿದ್ದರು. 2014ರಿಂದ 2023ರವರೆಗೆ ಹತ್ತು ಫೈನಲ್ ನಡೆದವು, ಪಶ್ಚಿಮದವರು ಒಂದನ್ನೂ ಗೆಲ್ಲಲಿಲ್ಲ. ನಾನು ಹಾಗೆ ಪೂಲ್ ಮಾಡಿದ್ದರೆ ಬಿ.ಇ.ಓ. ಆಫೀಸಿಗೆ ದೂರು ಹೋಗುತ್ತಿತ್ತು.

ಹಾಳೆಗೆ ಬರೋಣ. ಕಾನ್ಫರೆನ್ಸಿನ ಹೊರಗಿನ ಮೂರು ಮ್ಯಾಚ್‌ಗಳನ್ನು ಪಕ್ಕಕ್ಕಿಡಿ. ದೊಡ್ಡ ಕಾಲೇಜುಗಳು ಚಿಕ್ಕ ಕಾಲೇಜಿಗೆ ದುಡ್ಡು ಕೊಟ್ಟು ಕರೆಸಿಕೊಂಡು ಹೊಡೆಯುವುದು ಇಲ್ಲಿ ಮಾಮೂಲಿ. ಇಂಡಿಯಾನಾ ಆ ವರ್ಷ ವೆಸ್ಟರ್ನ್ ಇಲಿನಾಯ್ ಎಂಬ ಕೆಳಗಿನ ದರ್ಜೆಯ ತಂಡವನ್ನು 77-3ರಲ್ಲಿ ಸೋಲಿಸಿತು. ಅದನ್ನು ಲೆಕ್ಕಕ್ಕೆ ತಗೊಂಡರೆ ಲೆಕ್ಕವೇ ಕೆಡುತ್ತದೆ.

ಆಮೇಲೆ ಎರಡು ಕಾಲಂ ಮಾಡಿ, ಒಂಬತ್ತೊಂಬತ್ತು ಎದುರಾಳಿಗಳನ್ನು ಬರೆಯಿರಿ. ಪ್ರತಿ ಹೆಸರಿನ ಮುಂದೆ ಆ ತಂಡ ಋತು ಮುಗಿದ ಮೇಲೆ ಕಾನ್ಫರೆನ್ಸಿನಲ್ಲಿ ಗೆದ್ದ ಮ್ಯಾಚ್ ಎಷ್ಟು ಅಂತ ಹಾಕಿ. ಮುಗಿದ ಮೇಲೆ, ಇದು ನೆನಪಿರಲಿ. ನನ್ನ ಅಳಿಯ ಎಡವಿದ್ದು ಇಲ್ಲೇ. "ನಮಗೆ ಮಿಷಿಗನ್, ವಾಷಿಂಗ್ಟನ್ ಎರಡೂ ಬಿದ್ದಿದ್ದವು ಮಾವ. ಜನವರಿಯಲ್ಲಿ ರಾಷ್ಟ್ರೀಯ ಫೈನಲ್ ಆಡಿದವರೇ ಅವರು!" ನಿಜ, 2024ರ ಜನವರಿ 8ರಂದು ಆ ಫೈನಲ್‌ನಲ್ಲಿ ಮಿಷಿಗನ್ 34-13ರಲ್ಲಿ ವಾಷಿಂಗ್ಟನ್ನನ್ನು ಸೋಲಿಸಿತ್ತು. ಆದರೆ ಅದೇ ವರ್ಷದ ಕೊನೆಗೆ ಮಿಷಿಗನ್ 5, ವಾಷಿಂಗ್ಟನ್ 4 ಗೆಲುವಿಗೆ ನಿಂತವು. ಹೋದ ವರ್ಷದ ಪೈಲ್ವಾನ ಈ ವರ್ಷವೂ ಪೈಲ್ವಾನನೇ ಆಗಿರಬೇಕು ಅಂತೇನಿಲ್ಲ. ಪಟ್ಟಿ ಮಾಡಿದವರಿಗೆ ಮಾತ್ರ ಇದು ಮೊದಲೇ ಗೊತ್ತಿರಲು ಸಾಧ್ಯವಿರಲಿಲ್ಲ, ಪಾಪ.

ಈಗ ಎರಡೂ ಕಡೆ ಇರುವ ಹೆಸರುಗಳನ್ನು ಹೊಡೆದುಹಾಕಿ. ಇಬ್ಬರೂ ಆಡಿದ ತಂಡಗಳು ಐದು: ಒಹಾಯೊ ಸ್ಟೇಟ್ 7, ವಾಷಿಂಗ್ಟನ್ 4, ಯುಸಿಎಲ್‌ಎ 3, ಮೇರಿಲ್ಯಾಂಡ್ 1, ಪರ್ಡ್ಯೂ ಸೊನ್ನೆ. ಒಟ್ಟು 15. ಇಬ್ಬರೂ ಒಹಾಯೊ ಸ್ಟೇಟ್‌ಗೆ ಸೋತರು, ಮಿಕ್ಕ ನಾಲ್ಕನ್ನೂ ಗೆದ್ದರು. ಇಲ್ಲಿಗೂ ಸಮ.

ಉಳಿದ ನಾಲ್ಕು ನಾಲ್ಕು ನೋಡಿ.

ಪೆನ್ ಸ್ಟೇಟ್: ಇಲಿನಾಯ್ 6, ಮಿನೆಸೋಟ 5, ಯುಎಸ್‌ಸಿ 4, ವಿಸ್ಕಾನ್ಸಿನ್ 3. ಒಟ್ಟು 18.

ಇಂಡಿಯಾನಾ: ಮಿಷಿಗನ್ 5, ನೆಬ್ರಾಸ್ಕಾ 3, ಮಿಷಿಗನ್ ಸ್ಟೇಟ್ 3, ನಾರ್ತ್‌ವೆಸ್ಟರ್ನ್ 2. ಒಟ್ಟು 13.

ಐದು ಗೆಲುವಿನ ವ್ಯತ್ಯಾಸ. ಹದಿನೈದು ಸೇರಿಸಿದರೆ 33ಕ್ಕೆ 28. ಸಮ ಬಂದಾಗ ತೀರ್ಮಾನಿಸುವ ಬಿಗ್ ಟೆನ್‌ನವರ ನಿಯಮ, ಟೈಬ್ರೇಕರ್ ಕೂಡ ಕೊನೆಗೆ ಬಂದು ನಿಂತಿದ್ದು ಇಲ್ಲಿಗೇ, ಎದುರಾಳಿಗಳೆಲ್ಲ ಸೇರಿ ಎಷ್ಟು ಗೆದ್ದಿದ್ದಾರೆ ಅನ್ನುವಲ್ಲಿಗೆ. ಮಗಳು ಲಕೋಟೆ ಕಿತ್ತುಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಕೂಡಿದ್ದು ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಲು ಒಂದು ಉಪಾಯ ಇದೆ. ಹದಿನೆಂಟೂ ತಂಡಗಳ ಗೆಲುವು ಕೂಡಿ. 81 ಬರಬೇಕು, ಏಕೆಂದರೆ ಒಂದು ಮ್ಯಾಚಿಗೆ ಒಂದೇ ಗೆಲುವು. ನನಗೆ ಮೊದಲ ಸಲ 80 ಬಂತು. ರಟ್ಗರ್ಸ್‌ನ 4ನ್ನು 3 ಅಂತ ಬರೆದಿದ್ದೆ.

ಅಳಿಯ ಸುಮ್ನೆ ಕೂರುವವರಲ್ಲ. "ನಾವು ಸೋಲಿಸಿದ್ದಕ್ಕೇ ಅಲ್ವಾ ಮಾವ ಅವರ ಗೆಲುವು ಕಮ್ಮಿ ಆಗಿದ್ದು?" ಒಳ್ಳೆಯ ಪ್ರಶ್ನೆ. ಅದಕ್ಕೆ ನಿಮ್ಮ ಜೊತೆ ಆಡಿದ ಮ್ಯಾಚನ್ನು ಪ್ರತಿ ಎದುರಾಳಿಯ ಲೆಕ್ಕದಿಂದ ತೆಗೆಯಬೇಕು. ಇಬ್ಬರೂ ಎಂಟು ಗೆದ್ದು ಒಂದು ಸೋತವರು. ಆದ್ದರಿಂದ ಇಬ್ಬರ ಕಡೆಯಿಂದಲೂ ಎಂಟು ಸೋಲು, ಒಂದು ಗೆಲುವು ಹೋಗುತ್ತದೆ. ಪೆನ್ ಸ್ಟೇಟ್ ಎದುರಾಳಿಗಳು 32 ಗೆಲುವು 40 ಸೋಲು, ಇಂಡಿಯಾನಾದವರು 27 ಗೆಲುವು 45 ಸೋಲು. ಐದು ಐದಾಗಿಯೇ ಉಳಿಯಿತು. ನೀವು ಹೋಲಿಸುವ ಎರಡು ತಂಡಗಳ ಗೆಲುವು ಬೇರೆ ಬೇರೆ ಇದ್ದರೆ ಮಾತ್ರ ಈ ಕಳೆಯುವ ಕೆಲಸ ಬಿಡಲೇಬೇಡಿ.

ಇಷ್ಟಕ್ಕೆ ಪೆನ್ನು ಕೆಳಗಿಟ್ಟರೆ ಅಳಿಯನಿಗೆ ಮೋಸ ಮಾಡಿದಂತೆ. ಪ್ರತಿ ಹೆಸರಿನ ಪಕ್ಕ 'ಮನೆ' ಅಥವಾ 'ಹೊರಗೆ' ಅಂತ ಬರೆಯಿರಿ. ಆಗ ಕಾಣುತ್ತದೆ: ಒಹಾಯೊ ಸ್ಟೇಟ್ ಎಂಬ ಅದೇ ಕಷ್ಟದ ಎದುರಾಳಿಯನ್ನು ಪೆನ್ ಸ್ಟೇಟ್ ತನ್ನ ಮನೆಯಲ್ಲಿ ಆಡಿ 20-13ರಲ್ಲಿ ಸೋತಿತು. ಇಂಡಿಯಾನಾ ಅವರೂರು ಕೊಲಂಬಸ್‌ಗೆ ಹೋಗಿ 38-15ರಲ್ಲಿ ಸೋತಿತು. ಟೈಬ್ರೇಕರ್‌ನಲ್ಲಿ ಎರಡೂ ಒಂದೇ ಸೋಲು. ನನ್ನ ಪ್ರಕಾರ ಒಂದೇ ಅಲ್ಲ. ಒಂಬತ್ತು ಮ್ಯಾಚ್ ಅಂದರೆ ಹೇಗೂ ಅರ್ಧ ಜನಕ್ಕೆ ಮನೆಯಲ್ಲಿ ಐದು, ಅರ್ಧ ಜನಕ್ಕೆ ನಾಲ್ಕು. ಅದು ಮರುವರ್ಷ ತಿರುಗುತ್ತದೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಗಟ್ಟಿ ತಂಡವನ್ನು ಎಲ್ಲಿ ಆಡಿದರು ಅನ್ನುವುದನ್ನು ಮಾತ್ರ ನೋಡಿ.

ಹಾಗೆಯೇ ಬೈ. 2024ರಲ್ಲಿ 14 ವಾರಕ್ಕೆ 12 ಮ್ಯಾಚ್, ಆದ್ದರಿಂದ ತಲಾ ಎರಡು ವಾರ ಬಿಡುವು. ಯಾವ ಮ್ಯಾಚಿಗೆ ಮೊದಲು ಬಿಡುವು ಸಿಕ್ಕಿತು ಅನ್ನುವುದು ದೊಡ್ಡ ವಿಷಯ. ಇಂಡಿಯಾನಾಗೆ ಕೊಲಂಬಸ್‌ಗೆ ಹೋಗುವ ಮುಂಚೆಯೇ ಸಿಕ್ಕಿತ್ತು. ಒಹಾಯೊ ಸ್ಟೇಟ್ ಆ ವಾರವೂ ಆಡಿ ಬಂದಿತ್ತು. ಇದನ್ನು ನಾನು ಓದಿ ಹೇಳಿದಾಗ ಅಳಿಯ ಕಾಫಿ ಲೋಟ ತಗೊಂಡು ಅಡುಗೆಮನೆಗೆ ಹೋದರು.

ಪ್ರಯಾಣವನ್ನೂ ಬರೆಯಿರಿ. ಮೂರು ಗಂಟೆ ಗಡಿಯಾರ ಹಿಂದಿರುವ ಲಾಸ್ ಏಂಜಲೀಸ್‌ಗೆ ಇಬ್ಬರೂ ಒಂದೊಂದು ಸಲ ಹೋಗಿದ್ದರು. ಇಂಡಿಯಾನಾ ಯುಸಿಎಲ್‌ಎ ಎದುರು ಸಲೀಸಾಗಿ ಗೆದ್ದಿತು, ಪೆನ್ ಸ್ಟೇಟ್ ಯುಎಸ್‌ಸಿ ಎದುರು 33-30ರಲ್ಲಿ ಓವರ್‌ಟೈಮ್‌ನಲ್ಲಿ ಪಾರಾಯಿತು. ನಿಜವಾದ ಪಾಡು ಪಶ್ಚಿಮ ಕರಾವಳಿಯ ಹುಡುಗರದು. ವಾಷಿಂಗ್ಟನ್ ತಂಡ ಆ ಒಂದೇ ಋತುವಿನಲ್ಲಿ ನ್ಯೂಜೆರ್ಸಿ, ಅಯೋವಾ, ಇಂಡಿಯಾನಾ, ಪೆನ್ಸಿಲ್ವೇನಿಯಾ ನಾಲ್ಕೂ ಕಡೆ ವಿಮಾನದಲ್ಲಿ ಹೋಗಿ ನಾಲ್ಕನ್ನೂ ಸೋತಿತು. ಸೋಮವಾರ ಅವರಿಗೂ ಕ್ಲಾಸ್ ಇರುತ್ತದೆ.

ಖಾಯಂ ಎದುರಾಳಿ ಯಾರು ಅಂತಲೂ ವಿಚಾರಿಸಿ. ಬಿಗ್ ಟೆನ್‌ನಲ್ಲಿ ಹಳೇ ಹಗೆತನದ 12 ಜೋಡಿಗಳನ್ನು ಮುಟ್ಟುವ ಹಾಗಿಲ್ಲ, ಪ್ರತಿ ವರ್ಷ ಆಡಲೇಬೇಕು. ಅಯೋವಾಗೆ ಅಂಥವರು ಮೂವರು. ಪೆನ್ ಸ್ಟೇಟ್‌ಗೆ ಒಬ್ಬರೂ ಇಲ್ಲ. ಇಂಡಿಯಾನಾಗೆ ಪರ್ಡ್ಯೂ ಒಂದೇ, ಅದನ್ನು ಆ ರಾತ್ರಿ 66-0 ಹೊಡೆದಿದ್ದರು.

ಬೇರೆ ಬೇರೆ ಕಾನ್ಫರೆನ್ಸುಗಳ ತಂಡಗಳನ್ನು ಈ ಹಾಳೆಯಲ್ಲಿ ಹೋಲಿಸಬೇಡಿ. ದಕ್ಷಿಣದ ಎಸ್‌ಇಸಿ ಎಂಬ ಕಾನ್ಫರೆನ್ಸಿನವರು 2025ರವರೆಗೂ ಎಂಟೇ ಆಡುತ್ತಿದ್ದರು. ಒಂಬತ್ತನೆಯದು ಆಡಿದರೆ ಅರ್ಧ ತಂಡಗಳಿಗೆ ಇನ್ನೊಂದು ಸೋಲು ಗ್ಯಾರಂಟಿ, ಅದನ್ನು ತಪ್ಪಿಸಿಕೊಂಡಿದ್ದರು. 2026ರಿಂದ ಒಂಬತ್ತು ಮಾಡಿದ್ದಾರೆ: ಮೂವರು ಖಾಯಂ, ಆರು ಜನ ಬದಲಾಗುತ್ತಾರೆ. ಹದಿನಾರು ತಂಡಕ್ಕೆ ಇದು ಚೆನ್ನಾಗಿ ಕೂರುತ್ತದೆ. ಎರಡು ವರ್ಷದೊಳಗೆ ಎಲ್ಲರೂ ಎಲ್ಲರನ್ನೂ ಆಡಿ ಮುಗಿಸುತ್ತಾರೆ. ಇಂಥ ಟೈಸ್ ನೋಡಿದರೆ ನನ್ನಂಥವನಿಗೆ ಖುಷಿಯಾಗುತ್ತದೆ.

ಎಷ್ಟು ಆಳಕ್ಕೆ ಇಳಿಯಬೇಕು ಅಂತ ಕೇಳಬಹುದು. ಇಲಿನಾಯ್ ಆರು ಗೆದ್ದಿತಲ್ಲ, ಯಾರ ಮೇಲೆ? ಆ ಸೋತವರು ಯಾರ ಮೇಲೆ ಗೆದ್ದಿದ್ದರು? ಹೀಗೆ ಹೊರಟರೆ ಬೆಳಗಾಗುತ್ತದೆ. ಅದನ್ನು ಕಂಪ್ಯೂಟರಿಗೆ ಬಿಡಿ. ಕೊನೆಗೆ ಒಂದೇ ಒಂದು ಸಾಲು ಬರೆಯಿರಿ: ಯಾರನ್ನು ಆಡಲಿಲ್ಲ. ಆ ವರ್ಷ ಪೆನ್ ಸ್ಟೇಟ್, ಇಂಡಿಯಾನಾ ಇಬ್ಬರಿಗೂ ಒರೆಗನ್ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಇಬ್ಬರ 8-1 ಉಳಿಯುತ್ತಿತ್ತಾ? ಫೈನಲ್‌ನಲ್ಲಿ ಪೆನ್ ಸ್ಟೇಟ್‌ಗೆ ಸಿಕ್ಕಿತು, 45-37ರಲ್ಲಿ ಒರೆಗನ್ ಗೆದ್ದಿತು. ಆಮೇಲೆ ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ 12 ತಂಡಗಳ ಪ್ಲೇಆಫ್‌ಗೆ ಇಬ್ಬರೂ ಹೋದರು. ಪೆನ್ ಸ್ಟೇಟ್‌ಗೆ ಮೊದಲ ಮ್ಯಾಚ್ ಮನೆಯಲ್ಲಿ, ಇಂಡಿಯಾನಾಗೆ ನೋತ್ರ್ ಡೇಮ್ ಅಂಗಳದಲ್ಲಿ. ಅಲ್ಲಿ 27-17ರಲ್ಲಿ ಸೋತು ಅಳಿಯನ ಋತು ಮುಗಿಯಿತು.

ಎರಡು ತಂಡಗಳೂ ಕೊನೆಗೂ ಎದುರಾಗಿದ್ದು 2025ರ ನವೆಂಬರ್ 8ರಂದು, ಪೆನ್ ಸ್ಟೇಟ್‌ನ ಬೀವರ್ ಸ್ಟೇಡಿಯಂನಲ್ಲಿ. ನಾನು ಆಗ ಅರಸೀಕೆರೆಯಲ್ಲಿದ್ದೆ. ಭಾನುವಾರ ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಎರಡು ವಾಟ್ಸಾಪ್. ಅಳಿಯನದು ಬರೀ ಅಂಕಿ: ಇಂಡಿಯಾನಾ 27, ಪೆನ್ ಸ್ಟೇಟ್ 24. ಮಗಳದು ಒಂದು ಫೋಟೋ, ಇಂಡಿಯಾನಾದ ಆ ವರ್ಷದ ಮ್ಯಾಚ್‌ಗಳ ಪಟ್ಟಿ. ಕೆಳಗೆ ಬರೆದಿದ್ದಳು: "ಅಪ್ಪ, ಇವರ ಒಂಬತ್ತೂ ಸ್ವಲ್ಪ ಕೂಡಿ ನೋಡು."