ಬಳೆ ಎಳೆದ್ರೆ ಬಾಳೆ ಆಗ್ತದೆ

ಮುಂಬಯಿಯಲ್ಲಿ ಡೊಂಬಿವ್ಲಿಯಿಂದ ವೀಟಿ (ಈಗಿನ ಸಿಎಸ್‌ಎಂಟಿ) ಸ್ಟೇಷನ್ನಿಗೆ ಗಿಟಾರ್ ಹೊತ್ಕೊಂಡು ಲೋಕಲ್‌ನ ಲಗೇಜ್ ಡಬ್ಬದಲ್ಲಿ ಮೀನು ಬುಟ್ಟಿ ಪಕ್ಕ ನಿಂತು ಹೋಗ್ತಿದ್ದವ ನಾನು. ಬೇರೆ ಡಬ್ಬಕ್ಕೆ ಹತ್ತಿದ್ರೆ ಆ ಬ್ಯಾಗ್ ನೋಡಿಯೇ ಬೈತಿದ್ರು. ನಮಗೆಲ್ಲ ಆಗ ಕಾಶಿ ಅಂದ್ರೆ ಧೋಬಿ ತಲಾವ್‌ನ ರಂಗ್ ಭವನ, ಇಂಡಿಪೆಂಡೆನ್ಸ್ ರಾಕ್ ಅನ್ನೋ ರಾಕ್ ಹಬ್ಬ ನಡೀತಿದ್ದ ಜಾಗ. ರಾಕ್ ಮಶೀನ್ ಬ್ಯಾಂಡ್‌ನವರು (1993ರಲ್ಲಿ ಇಂಡಸ್ ಕ್ರೀಡ್ ಆದ್ರಲ್ಲ, ಅವ್ರೇ) ಸ್ವಂತ ಹಾಡು ಬಾರಿಸ್ತಿದ್ರು, ನಮ್ಮಂಥವ್ರು ಇಂಗ್ಲಿಷ್ ಬ್ಯಾಂಡ್‌ಗಳ ಕಾಪಿ ಹೊಡ್ಕೊಂಡು ಕೂದಲು ಬಿಟ್ಕೊಂಡು ತಿರುಗೋದು. 2000ರ ಶಬ್ದಮಾಲಿನ್ಯ ನಿಯಮ ಬಂತು, ಆಸ್ಪತ್ರೆ, ಕಾಲೇಜು, ಕೋರ್ಟ್ ಸುತ್ತ 100 ಮೀಟರ್ ಸೈಲೆನ್ಸ್ ಝೋನ್ ಅಂತಾಯ್ತು. ರಂಗ್ ಭವನದ ಸುತ್ತ ಇದ್ದದ್ದೇ ಆಸ್ಪತ್ರೆ ಕಾಲೇಜು. ರಾಕ್ ಅಲ್ಲಿಂದ ಎದ್ದೋಯ್ತು, ನಾನು ಸ್ಟುಡಿಯೋ ಸೇರ್ಕೊಂಡೆ. ಜಾಹೀರಾತಿನ ಜಿಂಗಲ್‌ಗೆ ಗಿಟಾರ್ ಬಾರಿಸೋದು, ದುಡ್ಡು ತಗೊಳ್ಳೋದು, ಟ್ರೇನ್ ಹಿಡಿಯೋದು.

ಸ್ವಂತ ಹಾಡು ಮಾಡ್ಬೇಕು ಅಂತ ಹೊರಟಾಗ ಮಾಟುಂಗದಲ್ಲಿ ದೊಡ್ಡಪ್ಪನ ಹೋಟ್ಲಿನ ಮೇಲಿನ ರೂಮು ಸಿಕ್ತು. ಗೋಡೆಗೆ ಹತ್ತಿ ಗಾದಿ, ಹಾಡೋರ ಬೆನ್ನ ಹಿಂದೆ ದೊಡ್ಡಮ್ಮನ ಸೀರೆ ಕಪಾಟು, ಬಾಗಿಲು ತೆರೆದೇ ಇಡ್ಬೇಕು, ಸೀರೆ ಚೆನ್ನಾಗಿ ಶಬ್ದ ಕುಡೀತದೆ. ಕೆಳಗೆ ಇಡ್ಲಿ ಹಿಟ್ಟಿನ ಗ್ರೈಂಡರ್ ತಿರುಗ್ತಿದ್ರೆ ನನ್ನ ಗಿಟಾರಿನ ತಂತಿ ಸದ್ದು ಹಿಡಿಯೋ ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ ಗುಂಯ್ ಅನ್ನೋದು, ಮೈ ತಿರುಗಿಸಿ ಕೂತ್ರೆ ಕಮ್ಮಿಯಾಗ್ತಿತ್ತು. ಹಾಡು ರೆಕಾರ್ಡ್ ಮಾತ್ರ ರಾತ್ರಿ ಶಟರ್ ಎಳೆದ ಮೇಲೆಯೇ.

ನಾನು ರಿಫ್‌ನಿಂದ ಹಾಡು ಕಟ್ಟೋನು, ರಿಫ್ ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರಿನ ಚಿಕ್ಕ ತುಣುಕು. ಇಂಗ್ಲಿಷ್ ಪದ ಟಕ್ ಅಂತ ನಿಲ್ತದೆ, ರಿಫ್‌ಗೆ ಸರಿ. ಕನ್ನಡ ಪದ ಹೆಚ್ಚುಕಮ್ಮಿ ಎಲ್ಲಾ ಸ್ವರದಲ್ಲೇ ಮುಗೀತದೆ, ಹ್ರಸ್ವ ದೀರ್ಘ ಬದಲಾದ್ರೆ ಅರ್ಥವೇ ಬೇರೆ, ಇದೆಲ್ಲ ಶಾಲೇಲಿ ಓದಿದ್ದೇ ಆದ್ರೂ ಹಾಡು ಬರೆಯೋವಾಗ ಯಾರಿಗೆ ನೆನಪಿರ್ತದೆ. ನನ್ನ ಮೊದಲ ಕನ್ನಡ ಹಾಡಲ್ಲಿ "ನಿನ್ನ ಬಳೆ ಸದ್ದು" ಅಂತ ಉಂಟು. ಹುಕ್, ಅಂದ್ರೆ ಕೇಳೋರ ಮನಸ್ಸಲ್ಲಿ ಉಳಿಯೋ ಸಾಲು, ಅದೇ. ಟೆಂಪೋ ನಿಮಿಷಕ್ಕೆ 90 ಬೀಟ್, "ಬ" ಮೇಲೆ ಎರಡು ಬೀಟ್ ಎಳೆದಿದ್ದೆ, ಅಂದ್ರೆ ಒಂದೂಕಾಲು ಸೆಕೆಂಡಿಗೂ ಜಾಸ್ತಿ. ದೊಡ್ಡಮ್ಮ ಕಾಫಿ ತಂದವ್ರು ಬಾಗಿಲಲ್ಲೇ ನಿಂತ್ರು.

"ಎಂಥ ಮಾರಾಯ ಅದು, ಬಾಳೆ ಸದ್ದು? ಎಲೆ ಹರಿಯೋದಾ?"

ಹಾಡೋ ಹುಡುಗಿ ನಗು ತಡೀಲಾರದೆ ಹೆಡ್‌ಫೋನ್ ತೆಗೆದಿಟ್ಳು. ಟ್ಯೂನ್ ಬಿಡೋಕೆ ಮನಸ್ಸಿಲ್ಲ, ಪದ ಬಿಡೋಕೂ ಇಲ್ಲ. ಕೊನೆಗೆ "ಬ"ವನ್ನ ಅರ್ಧ ಬೀಟ್ ಮುಂಚೆಯೇ ಚಿಕ್ಕದಾಗಿ ಹಾಡಿಸಿ "ಳೆ"ಯನ್ನ ಮೊದಲ ಬೀಟಿಗೆ ತಂದು ಎಳೆದೆ. ಪದದ ಕೊನೆಯ ಸ್ವರ ಎಷ್ಟು ಎಳೆದ್ರೂ ಯಾರಿಗೂ ತಪ್ಪು ಕೇಳಿಸೋದಿಲ್ಲ. ಅವತ್ತಿಂದ ನಾನು ಪದವನ್ನ ಮೊದಲು ಬಾಯಲ್ಲಿ ಹೇಳಿ ನೋಡ್ತೇನೆ, ಗಿಟಾರ್ ಆಮೇಲೆ.

ಅಲ್ಲಿಗೂ ಮುಗೀಲಿಲ್ಲ. ಮಿಕ್ಸ್ ಆದ್ಮೇಲೆ ಕ್ಯಾಷ್ ಕೌಂಟರಿನ ಹಳೇ ಸ್ಪೀಕರಲ್ಲಿ ಹಾಕಿದ್ರೆ ದೊಡ್ಡಪ್ಪ ಹೇಳ್ತಾರೆ "ಬಲೆ" ಅಂತ ಕೇಳ್ತದೆ ಅಂತ, ಮೀನು ಹಿಡಿಯೋ ಬಲೆ! ಕರಕರ ಸದ್ದಿನ ಡಿಸ್ಟಾರ್ಷನ್ ಗಿಟಾರ್ ನಾಲ್ಕು ಟ್ರ್ಯಾಕ್, ಎಡಕ್ಕೆರಡು ಬಲಕ್ಕೆರಡು ಹಾಕಿದ್ದೆ, ರಾಕ್ ಚಾಳಿ ಬಿಡ್ಬೇಕಲ್ಲ. ಳ ಬೇರೆ, ಲ ಬೇರೆ ಅಂತ ಕಿವಿಗೆ ಹೇಳೋ ಭಾಗ ಸುಮಾರು 2ರಿಂದ 3 ಕಿಲೋಹರ್ಟ್ಸ್ ಒಳಗೆ ಕೂತಿರ್ತದೆ, ನನ್ನ ಗಿಟಾರ್ ಸರಿಯಾಗಿ ಅಲ್ಲೇ ಪದ್ಮಾಸನ ಹಾಕಿತ್ತು. ಎರಡು ಟ್ರ್ಯಾಕ್ ಮ್ಯೂಟ್, ಉಳಿದೆರಡರಲ್ಲಿ ಆ ಜಾಗದಲ್ಲಿ ಸದ್ದು 3 ಡೆಸಿಬಲ್ ಇಳಿಸಿದೆ. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ. ಳ ಬಂತು.

ದುಡ್ಡಿನ ವಿಷ್ಯ ಒಂದು. ಇದಕ್ಕೆ ಮುಂಚೆ ಒಂದು ಸಣ್ಣ ಕಂಪನಿಗೆ ನಾಲ್ಕು ಟ್ಯೂನ್ ಕೊಟ್ಟು, ಓದದೇ ಸಹಿ ಹಾಕಿ, ಸಿಕ್ಕಿದ್ದು ಬೌನ್ಸ್ ಆದ ಚೆಕ್. 2012ರ ಕಾಪಿರೈಟ್ ತಿದ್ದುಪಡಿ ಆದ್ಮೇಲೆ ಹಾಡು ಬರೆದವ್ರ, ಟ್ಯೂನ್ ಹಾಕಿದವ್ರ ರಾಯಲ್ಟಿ ಪಾಲನ್ನ ಕಂಪನಿಗೆ ಬರೆದುಕೊಡೋ ಹಾಗೇ ಇಲ್ಲ, ಅದಕ್ಕೆ ರಾಯಲ್ಟಿ ವಸೂಲಿ ಮಾಡಿ ಹಂಚೋ ಸೊಸೈಟಿ ಐಪಿಆರ್‌ಎಸ್‌ನಲ್ಲಿ ಹೆಸರು ಮಾಡಿಸ್ಬೇಕು. ಬರೀ ಪ್ರೊಡ್ಯೂಸ್ (ರೆಕಾರ್ಡಿಂಗ್, ಮಿಕ್ಸ್) ಮಾಡಿದ್ದಕ್ಕೆ ಅಲ್ಲಿಂದ ಏನೂ ಬರೋದಿಲ್ಲ, ಆ ಪೇಮೆಂಟ್ ಬೇರೆಯೇ ಮಾತಾಡ್ಬೇಕು. ಯಾರಿಗೆ ಎಷ್ಟು ಪಾಲು ಅಂತ ನಾನೀಗ ಮೈಕ್ ಆನ್ ಮಾಡೋ ಮುಂಚೆಯೇ ಒಂದು ಹಾಳೇಲಿ ಬರೆದು ಸಹಿ ಮಾಡಿಸ್ತೇನೆ. ಬಳೆ ಹಾಡಿನ ಹಾಳೇಲಿ ದೊಡ್ಡಮ್ಮನ ಹೆಸರಿಲ್ಲ. ಊಟಕ್ಕೆ ಕೂತಾಗೆಲ್ಲ ಅವ್ರು ಅದನ್ನ ನೆನಪಿಸ್ತಾರೆ.