ಇಂಟರ್‌ಲ್ಯುಕಿನ್-2 ಬಿಡುವ ಹೊತ್ತು ಅಳೆಯಲು ಹೋಗಿ

ಇಂಟರ್‌ಲ್ಯುಕಿನ್-2 ಪುಟ್ಟ ಪ್ರೋಟೀನು. 133 ಅಮೈನೊ ಆಮ್ಲ, ಅಷ್ಟೇ. ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳು ಅಂತ ಇವೆ ಅಲ್ವಾ, ಅವುಗಳಿಗೆ 'ಹೆಚ್ಚಿಕೊಳ್ಳಿ' ಎಂದು ಸುದ್ದಿ ಮುಟ್ಟಿಸುವುದು ಇದೇ. ಕೋಶದ ಮೈಮೇಲೆ ಇದನ್ನು ಹಿಡಿಯುವ ರಿಸೆಪ್ಟರ್ ಎಂಬ ಪ್ರೋಟೀನಿನಲ್ಲಿ ಮೂರು ಭಾಗ: ಆಲ್ಫಾ, ಬೀಟಾ, ಗಾಮಾ. ಆಲ್ಫಾ ಇದನ್ನು ಎಷ್ಟು ಬೇಗ ಹಿಡಿಯುತ್ತದೆ, ಎಷ್ಟು ಬೇಗ ಬಿಡುತ್ತದೆ ಎಂದು ಅಳೆಯುವುದು ನನ್ನ ಪಾಲಿಗೆ ಬಂದ ಕೆಲಸ.

ಅಳೆದದ್ದು ಎಸ್‌ಪಿಆರ್ ಯಂತ್ರದಲ್ಲಿ; ಚಿಪ್ ಮೇಲೆ ಏನಾದರೂ ಅಂಟಿದರೆ ಅದನ್ನು ಬೆಳಕಿನಿಂದ ಪತ್ತೆಮಾಡುವ ಯಂತ್ರ ಇದು. ತೆಳುವಾಗಿ ಚಿನ್ನ ಬಳಿದ ಗಾಜಿನ ಚಿಪ್ ಮೇಲೆ ಆಲ್ಫಾ ಕೂರಿಸಿ, ಅದರ ಮೇಲೆ ಇಂಟರ್‌ಲ್ಯುಕಿನ್ ಹರಿಸಬೇಕು. ಅದು ಅಂಟಿದಷ್ಟೂ ಪರದೆಯ ಮೇಲಿನ ಗೆರೆ ಏರುತ್ತದೆ. ಆಮೇಲೆ ಬರೀ ಬಫರ್ (ಇಂಟರ್‌ಲ್ಯುಕಿನ್ ಇಲ್ಲದ, ಉಪ್ಪುನೀರಿನಂಥ ದ್ರಾವಣ) ಬಿಟ್ಟರೆ ಇಳಿಯುತ್ತದೆ. ಆ ಇಳಿತದಲ್ಲೇ ನಮಗೆ ಬೇಕಾದ ಉತ್ತರ ಇರುವುದು.

ಸಿಗ್ನಲ್ ದೊಡ್ಡದಾಗಿ ಬರಲಿ ಅಂತ ಮೊದಲ ಸಲ ಆಲ್ಫಾವನ್ನು ಜಾಸ್ತಿಯೇ ಕೂರಿಸಿದೆ. ಗೆರೆ ಚೆನ್ನಾಗಿ ಏರಿತು, ಆದರೆ ಇಳಿಯಲು ನಿಮಿಷಗಟ್ಟಲೆ ಹಿಡಿಯಿತು. ಆಲ್ಫಾ ಒಂದೇ ಇದ್ದರೆ ಕೆಲವೇ ಸೆಕೆಂಡಿನಲ್ಲಿ ಕೈ ಬಿಡಬೇಕು. ಮೂರು ದಿನ ಬಫರ್ ಬದಲಿಸಿದೆ, ಹೊಸ ಪ್ರೋಟೀನು ತೆಗೆದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಹರಿವನ್ನು ನಿಮಿಷಕ್ಕೆ 10 ಮೈಕ್ರೊಲೀಟರಿನಿಂದ 100ಕ್ಕೆ ಏರಿಸಿದೆ. ಗೆರೆ ಬೇಗ ಇಳಿಯಿತು! ಪ್ರೋಟೀನು ತಾನಾಗಿ ಬಿಡುವ ವೇಗಕ್ಕೂ ಹರಿವಿಗೂ ಸಂಬಂಧವೇ ಇರಬಾರದು. ಅಂದರೆ ಹರಿವು ನಿಧಾನವಿದ್ದಾಗ, ಒಂದು ಆಲ್ಫಾ ಬಿಟ್ಟದ್ದು ಕೊಚ್ಚಿಹೋಗುವ ಮೊದಲೇ ಪಕ್ಕದ್ದು ಅದನ್ನು ಮತ್ತೆ ಹಿಡಿಯುತ್ತಿತ್ತು.

ಆಮೇಲೆ ಆಲ್ಫಾವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದೆ. ಪ್ರೋಟೀನಿನ ಮೈಯಲ್ಲಿ ಅಲ್ಲಲ್ಲಿ ಇರುವ ಲೈಸಿನ್ ಎಂಬ ಅಮೈನೊ ಆಮ್ಲದ ಮೂಲಕ ಕೂರಿಸಿದರೆ ಅದು ಯಾವ ಕಡೆಯಿಂದ ಬೇಕಾದರೂ ಅಂಟಿ, ಹಿಡಿಯುವ ಮುಖವೇ ಮುಚ್ಚಿಹೋಗಬಹುದು. ಹಾಗಾಗಿ ಒಂದು ತುದಿಗೆ ಮಾತ್ರ ಬಯೋಟಿನ್ ಎಂಬ ಪುಟ್ಟ ಅಣು ಸೇರಿಸಿ, ಅದನ್ನು ಗಟ್ಟಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನು ಇರುವ ಚಿಪ್ ಮೇಲೆ ಕೂರಿಸಿದೆ. ಬಫರಿಗೆ ಒಂಚೂರು ಟ್ವೀನ್-20 (ಸೋಪಿನಂಥ ವಸ್ತು) ಹಾಕುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ತೆಳು ದ್ರಾವಣದಲ್ಲಿರುವ ಪ್ರೋಟೀನೆಲ್ಲ ಟ್ಯೂಬಿನ ಪ್ಲಾಸ್ಟಿಕ್‌ಗೇ ಅಂಟಿಕೊಂಡು, ನೀವು ಬರೆದಿಟ್ಟ ಸಾಂದ್ರತೆ ಸುಳ್ಳಾಗುತ್ತದೆ.

ಈ ಸಲ ಗೆರೆ ಪೆಟ್ಟಿಗೆಯ ಆಕಾರದಲ್ಲಿ ಬಂತು: ಸರ್ರನೆ ಏರಿಕೆ, ಸಮತಟ್ಟು, ಸರ್ರನೆ ಇಳಿಕೆ. ಬಂಧದ ಬಲ ಹತ್ತಾರು ನ್ಯಾನೊಮೋಲಾರ್ ಮಟ್ಟದಲ್ಲಿ ಸಿಕ್ಕಿತು (ಈ ಸಂಖ್ಯೆ ಚಿಕ್ಕದಾದಷ್ಟೂ ಹಿಡಿತ ಬಿಗಿ). ನಂಬಿಕೆ ಬರಲಿ ಅಂತ, 42ನೇ ಜಾಗದ ಅಮೈನೊ ಆಮ್ಲ ಫಿನೈಲ್‌ಅಲನೈನ್ ತೆಗೆದು ಅದಕ್ಕಿಂತ ಚಿಕ್ಕದಾದ ಅಲನೈನ್ ಇಟ್ಟ ಇಂಟರ್‌ಲ್ಯುಕಿನ್ ಹರಿಸಿದೆ. ಗೆರೆ ಹೆಚ್ಚುಕಡಿಮೆ ಏಳಲೇ ಇಲ್ಲ. ಆಲ್ಫಾ ಹಿಡಿಯುವುದೇ ಆ ಜಾಗವನ್ನು.

ನನಗೆ ತುಂಬಾ ಇಷ್ಟವಾದದ್ದು ಆ ಮೊದಲ ತಪ್ಪು. ನಿಯಂತ್ರಕ ಟಿ ಕೋಶಗಳು (ರೋಗನಿರೋಧಕ ಪ್ರತಿಕ್ರಿಯೆ ಮಿತಿಮೀರದಂತೆ ತಡೆಯುವವು) ತಮ್ಮ ಮೈಮೇಲೆ ಆಲ್ಫಾವನ್ನು ದಟ್ಟವಾಗಿ ಇಟ್ಟುಕೊಂಡಿರುತ್ತವೆ. ಒಂದು ಬಿಟ್ಟರೆ ಇನ್ನೊಂದು ಹಿಡಿಯುತ್ತದೆ, ಇಂಟರ್‌ಲ್ಯುಕಿನ್ ಅಲ್ಲೇ ಸುತ್ತುತ್ತಿರುತ್ತದೆ. ಆಲ್ಫಾ ತಾನಾಗಿ ಒಳಗೆ ಸಂಕೇತ ಕಳಿಸುವುದಿಲ್ಲ. ಬೀಟಾ, ಗಾಮಾ ಬಂದು ಸೇರುವವರೆಗೆ ಹಿಡಿದುಕೊಂಡಿರುತ್ತದೆ. ಮೂರೂ ಕೂಡಿದಾಗ ಬಂಧ ಸುಮಾರು 10 ಪಿಕೊಮೋಲಾರ್ (ಪಿಕೊ ಅಂದರೆ ನ್ಯಾನೊದ ಸಾವಿರದಲ್ಲಿ ಒಂದು ಪಾಲು) ಮಟ್ಟಕ್ಕೆ ಬಿಗಿಯಾಗುತ್ತದೆ. ಆಲ್ಫಾ ಒಂದೇ ಇದ್ದಾಗಿನದಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ.

ಈಗ ಆಲ್ಫಾ, ಬೀಟಾ ಎರಡನ್ನೂ ಒಂದೇ ಚಿಪ್ ಮೇಲೆ ಕೂರಿಸಿ ನೋಡುತ್ತಿದ್ದೇನೆ. ಇಳಿಯುವ ಗೆರೆ ಮೊದಲು ಸರ್ರನೆ ಜಾರಿ, ನಡುವೆ ಬಾಗಿ, ಅಲ್ಲಿಂದ ನಿಧಾನವಾಗುತ್ತದೆ. ಆ ಬಾಗಿದ ಜಾಗವನ್ನೇ ಈ ವಾರ ಮತ್ತೆ ಮತ್ತೆ ಅಳೆಯುತ್ತಿದ್ದೇನೆ.