ಗ್ರಾಫ್‌ನಿಂದ ರಿಸೋರ್ಸ್ ತೆಗೆಯುವುದು: ಅರ್ಧಕ್ಕೇ ನಿಲ್ಲಿಸಬೇಡಿ

ಅಪಾಚೆ ಜೆನಾ ಎಂಬ ಜಾವಾ ಲೈಬ್ರರಿಯಲ್ಲಿ ಆರ್‌ಡಿಎಫ್ ಡೇಟಾ (ಮೂರು ಭಾಗದ ಹೇಳಿಕೆಗಳಾಗಿ ಬರೆದ ಮಾಹಿತಿ) ಸೇರಿಸುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಎಡವುವುದು ಒಂದು ರಿಸೋರ್ಸನ್ನು, ಅಂದರೆ ಡೇಟಾ ವಿವರಿಸುವ ವಸ್ತು ಅಥವಾ ವ್ಯಕ್ತಿಯನ್ನು, ಅಳಿಸುವಾಗ. ‘ಸ್ಟೇಟ್‌ಮೆಂಟ್‌ಗಳನ್ನೆಲ್ಲ ತೆಗೆದೆ, ಆದ್ರೂ ವೇರಿಯಬಲ್‌ನಲ್ಲಿ ರಿಸೋರ್ಸ್ ಹಾಗೇ ಇದೆಯಲ್ಲ!’ ಎಂದು ತಲೆ ಕೆರೆದುಕೊಳ್ಳುವವರೇ ಜಾಸ್ತಿ.

ಮೊದಲು ಡೇಟಾದ ಬ್ಯಾಕಪ್ ತೆಗೆದಿಡಿ.

ಆಮೇಲೆ ಒಂದು ವಿಷಯ ತಲೆಯಲ್ಲಿ ಕೂರಬೇಕು. ಗ್ರಾಫ್‌ನಲ್ಲಿ ಇರುವುದು ಟ್ರಿಪಲ್‌ಗಳು ಮಾತ್ರ, ಅಂದರೆ ‘ಯಾರು–ಸಂಬಂಧ–ಏನು’ ಎಂಬ ಮೂರು ಜಾಗದ ಸ್ಟೇಟ್‌ಮೆಂಟ್‌ಗಳು. ನಿಮ್ಮ ಕೈಲಿರುವ ರಿಸೋರ್ಸ್ ಆಬ್ಜೆಕ್ಟ್ ಬರೀ ವಿಳಾಸದ ಚೀಟಿ: ಒಂದು ಯುಆರ್‌ಐ (ವಸ್ತುವನ್ನು ಗುರುತಿಸುವ ಹೆಸರು), ಅದು ಯಾವ ಮಾಡೆಲ್‌ಗೆ (ಜೆನಾದಲ್ಲಿ ಗ್ರಾಫನ್ನು ಹಿಡಿದಿಡುವ ಆಬ್ಜೆಕ್ಟ್) ಸೇರಿದ್ದು ಎಂಬ ಗುರುತು, ಅಷ್ಟೇ. ಮನೆ ಕೆಡವಿದರೂ ಚೀಟಿ ಹರಿಯುವುದಿಲ್ಲ. ಗೆಟ್‌ಪ್ರಾಪರ್ಟಿ ಕೇಳಿದರೆ ನಲ್ ಬರುತ್ತದೆ, ಗೆಟ್‌ರಿಕ್ವೈರ್ಡ್‌ಪ್ರಾಪರ್ಟಿ ಕೇಳಿದರೆ ಎಕ್ಸೆಪ್ಶನ್. ಅದೇ ಆಬ್ಜೆಕ್ಟ್‌ಗೆ ಎಲ್ಲೋ ಆಡ್‌ಪ್ರಾಪರ್ಟಿ ಕರೆದಿರೋ, ಅಳಿಸಿದ ರಿಸೋರ್ಸ್ ಸದ್ದಿಲ್ಲದೆ ಗ್ರಾಫ್‌ಗೆ ವಾಪಸ್.

ಈಗ ನಿಜವಾದ ಕೆಲಸ. ಒಬ್ಬ ಲೇಖಕನನ್ನು ತೆಗೆಯಬೇಕು ಎನ್ನಿ. ಲೇಖಕನ ಮೇಲೆ ರಿಮೂವ್‌ಪ್ರಾಪರ್ಟೀಸ್ ಕರೆದರೆ ಹೆಸರು, ಹುಟ್ಟಿದ ವರ್ಷ ಹೋಗುತ್ತವೆ. ಆದರೆ ‘ಪುಸ್ತಕ–ಬರೆದವರು–ಲೇಖಕ’ ಎಂಬ ಟ್ರಿಪಲ್ ಉಳಿಯುತ್ತದೆ, ಏಕೆಂದರೆ ಅಲ್ಲಿ ಲೇಖಕ ಕೊನೆಯ ಜಾಗದಲ್ಲಿದ್ದಾನೆ. ಪುಸ್ತಕದ ಪುಟ ತೆರೆದರೆ ಹೆಸರಿಲ್ಲದ ಲೇಖಕ! ಹಾಗಾಗಿ ಮಾಡೆಲ್‌ನ ರಿಮೂವ್‌ಆಲ್‌ಗೆ ಮೊದಲೆರಡು ಜಾಗ ನಲ್, ಮೂರನೆಯದರಲ್ಲಿ ಲೇಖಕ ಎಂದು ಕೊಟ್ಟು ಇನ್ನೊಮ್ಮೆ ಕರೆಯಿರಿ. ಲೇಖಕನ ವಿಳಾಸ ಬ್ಲಾಂಕ್ ನೋಡ್‌ನಲ್ಲಿದ್ದರೆ (ಯುಆರ್‌ಐ ಇಲ್ಲದ ರಿಸೋರ್ಸ್) ಅದನ್ನು ರಿಮೂವ್‌ಪ್ರಾಪರ್ಟೀಸ್ ಕರೆಯುವ ಮೊದಲೇ ಹುಡುಕಿ ಇಟ್ಟುಕೊಳ್ಳಿ. ಕೊಂಡಿ ಕಡಿದ ಮೇಲೆ ಆ ನೋಡ್‌ಗೆ ಹೆಸರಿಲ್ಲ, ದಾರಿಯೂ ಇಲ್ಲ, ಕಸವಾಗಿ ಬಿದ್ದಿರುತ್ತದೆ. ಬೇರೆ ಯಾರೂ ಅದನ್ನು ಬಳಸುತ್ತಿಲ್ಲ ಅಂತ ಖಚಿತವಾದರೆ ಮಾತ್ರ ಅಳಿಸಿ.

ಲಿಸ್ಟ್‌ಸ್ಟೇಟ್‌ಮೆಂಟ್ಸ್ ಲೂಪ್ ಓಡುತ್ತಿರುವಾಗಲೇ ಒಳಗಿಂದ ಮಾಡೆಲ್‌ನ ರಿಮೂವ್ ಕರೆಯಲೇಬೇಡಿ. ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ ಕಾದಿರುತ್ತದೆ. ಕೆಲವರು ಅದನ್ನು ಟ್ರೈ-ಕ್ಯಾಚ್ ಹಾಕಿ ಮುಚ್ಚುತ್ತಾರೆ, ಅರ್ಧ ಡೇಟಾ ಅಲ್ಲೇ ಉಳಿಯುತ್ತದೆ. ಟು‌ಲಿಸ್ಟ್ ಕರೆದು ಪಟ್ಟಿ ಮಾಡಿಕೊಂಡು ಆಮೇಲೆ ಅಳಿಸಿ. ಸಾವಿರ ಸಾಲಿಗೆ ಮೆಮೊರಿ ಲೆಕ್ಕ ಹಾಕುತ್ತಾ ಕೂರುವುದು ಸುಮ್ನೆ ವ್ಯರ್ಥ.

ಅಳಿಸದೆ ಪುಸ್ತಕದ ಬೆಲೆಯನ್ನಷ್ಟೇ ಬದಲಿಸಲು ಚೇಂಜ್‌ಆಬ್ಜೆಕ್ಟ್ ಬಳಸಿದರೆ ಅದು ವಾಪಸ್ ಕೊಡುವ ಹೊಸ ಸ್ಟೇಟ್‌ಮೆಂಟನ್ನೇ ಹಿಡಿಯಿರಿ. ಹಳೆಯದು ಇನ್ನೂ ಹಳೆಯ ಬೆಲೆಯನ್ನೇ ಹೇಳುತ್ತಿರುತ್ತದೆ.

ಕೊನೆಗೆ ಕಂಟೇನ್ಸ್‌ರಿಸೋರ್ಸ್ ಕೇಳಿ. ಫಾಲ್ಸ್ ಬಂದರೆ ಮುಗಿಯಿತು. ಎರಡೂ ಕಡೆ ಅಳಿಸಿಯೂ ಟ್ರೂ ಬಂದರೆ, ಆ ಯುಆರ್‌ಐ ಎಲ್ಲೋ ಪ್ರೆಡಿಕೇಟ್ (ಟ್ರಿಪಲ್‌ನ ನಡುವಿನ ಜಾಗ) ಆಗಿ ಕೂತಿದೆ.